ಪೆನ್ಸಿಲ್ ಮೊನೆಯಲ್ಲಿ ಮುಚ್ಚಿದ ಕಲೆ

ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಫೋಟೋದಲ್ಲಿ ದೆವ್ವ ಬಂದಿದೆ, ಸತ್ತವರ ಮುಖ ಮೂಡಿದೆ ಎಂದು ಯಾರಾದರೂ ಪ್ರಿಂಟು ಹಿಡಿದುಕೊಂಡು ಬಂದರೆ ನನಗೆ ನಗು ಬರುತ್ತಿತ್ತು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿದ್ದರೆ ಹೀಗಾಗುತ್ತದೆ, ಲೆನ್ಸಿಗೆ ಬೆರಳಿನ ಜಿಡ್ಡು ತಾಗಿದ್ದರೆ ಹಾಗಾಗುತ್ತದೆ ಎಂದು ಬಿಡಿಸಿ ಹೇಳಿ ಕಳಿಸುತ್ತಿದ್ದೆ. ಒಬ್ಬ ಮುದುಕಿ, ತೀರಿಹೋದ ಗಂಡನ ನೆರಳು ಮೊಮ್ಮಗನ ಜಾವಳದ ಫೋಟೋದಲ್ಲಿ ಬಂದಿದೆ ಎಂದು ಕಣ್ಣೀರು ಹಾಕಿದಾಗ, ಅದು ತೊಳೆಯುವಾಗ ಉಳಿದ ನೀರಿನ ಕಲೆ ಎಂದು ಅವಳ ಮುಖಕ್ಕೇ ಹೇಳಿದ್ದೆ. ಈಗ ನಾನು ಬರೆಯುತ್ತಿರುವುದನ್ನು ನೀವೂ ನೀರಿನ ಕಲೆ ಎನ್ನಬಹುದು. ಅನ್ನಿ, ನನಗೆ ಬೇಸರವಿಲ್ಲ. ಪೂರ್ತಿ ಓದಿ ಅನ್ನಿ, ಅಷ್ಟೇ. ಏಕೆಂದರೆ ಇದರಲ್ಲಿ ವಿಚಿತ್ರಕ್ಕಿಂತ ನನ್ನ ತಪ್ಪೇ ದೊಡ್ಡದು.

ಹೆಂಡತಿ ತೀರಿಕೊಂಡ ಮೇಲೆ ನಾನು ಅಮೆರಿಕದ ವರ್ಜೀನಿಯಾದ ಸ್ಟರ್ಲಿಂಗಿನಲ್ಲಿ ಮಗಳು ಸವಿತಾಳ ಜೊತೆ ಇದ್ದೇನೆ. ಅಳಿಯ ಮೈಸೂರಿನವರು. ಮೊಮ್ಮಗಳು ನೇಹಾ ಇಲ್ಲೇ ಹುಟ್ಟಿದವಳು. ಎರಡು ವರ್ಷದ ಹಿಂದೆ, ಅವಳಿಗೆ ಹದಿಮೂರಿದ್ದಾಗ, ಶಾಲೆಯ ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ ನಾವು ನಾಲ್ವರೂ ಬೆಲ್ಜಿಯಮ್ಮಿಗೆ ಹೋದೆವು. ಬ್ರೂಜ್ ಎಂಬ ಹಳೆಯ ಊರು. ರಸ್ತೆಗಳಿಗಿಂತ ಕಾಲುವೆಗಳೇ ಹೆಚ್ಚು ಎನ್ನಿಸುವಂಥ ಊರು. ಇಟ್ಟಿಗೆ ಮನೆಗಳ ಗೋಡೆ ನೇರವಾಗಿ ನೀರಿಗೇ ಇಳಿದಿರುತ್ತದೆ. ಕಲ್ಲು ಹಾಸಿದ ಓಣಿಗಳಲ್ಲಿ ನಡೆದು ನನ್ನ ಮಂಡಿ ನೋಯುತ್ತಿತ್ತು. ಅಳಿಯ ಪ್ರತಿ ಚಾಕೊಲೇಟ್ ಅಂಗಡಿಯ ಮುಂದೆಯೂ ನಿಲ್ಲುತ್ತಿದ್ದುದರಿಂದ ನನಗೂ ವಿಶ್ರಾಂತಿ ಸಿಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಒಂದು ಸಣ್ಣ ಕಮಾನು ಸೇತುವೆಯ ಬಳಿ ಬಂದಾಗ ನನ್ನ ಕಾಲು ತಾನಾಗಿ ನಿಂತಿತು. ಸೇತುವೆ, ಕೆಳಗೆ ಎರಡು ಹಂಸ, ಎಡಕ್ಕೆ ನೀರಿನ ಮೇಲೆ ಬಾಗಿದ ಮರ, ಹಿಂದೆ ಎತ್ತರದ ಗಂಟೆ ಗೋಪುರ. ಇದು ನನ್ನ ಸ್ಟುಡಿಯೋದ ಹಿನ್ನೆಲೆ ಪರದೆಯ ಚಿತ್ರ. ಗದಗಿನಲ್ಲಿ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಒಬ್ಬ ಪೇಂಟರ್ ಯಾವುದೋ ವಿದೇಶಿ ಕ್ಯಾಲೆಂಡರ್ ನೋಡಿ ಅದನ್ನು ಬರೆದುಕೊಟ್ಟಿದ್ದ. ನಮ್ಮ ಊರಿನ ಅರ್ಧ ಹೆಣ್ಣುಮಕ್ಕಳು ಗಂಡಿನ ಮನೆಗೆ ಕಳಿಸುವ ಫೋಟೋ ತೆಗೆಸಿಕೊಂಡದ್ದು ಆ ಪರದೆಯ ಮುಂದೆ. ಕ್ಯಾಲೆಂಡರಿನ ಚಿತ್ರ ಈ ಊರಿನದೇ ಇದ್ದಿರಬೇಕು. ಇದರಲ್ಲಿ ವಿಚಿತ್ರವೇನೂ ಇಲ್ಲ. ನಾನು ಹೇಳಬೇಕೆಂದಿರುವುದು ಇದಲ್ಲ.

ನೇಹಾ ಸೇತುವೆಯ ಮೇಲೆ ಸೆಲ್ಫಿ ತೆಗೆದು, ಮೂಗಿನ ಮೇಲಿದ್ದ ಮೊಡವೆಯನ್ನು ಫೋನಿನಲ್ಲೇ ಅಳಿಸುತ್ತಿದ್ದಳು. ಸವಿತಾ ಅದನ್ನು ನೋಡಿ ನಕ್ಕಳು.

"ನೀ ಥೇಟ್ ನಮ್ಮ ಗಿರಿಜಾ ಅತ್ತಿ ಹಂಗ ಆದಿ ನೋಡು. ಆಕಿನೂ ಹಿಂಗ ಮಾರಿ ತಿದ್ದಿಸಿಕೊಂಡು ಗಂಡಿನವರಿಗೆ ಟೊಪ್ಪಿಗಿ ಹಾಕಲಿಕ್ಕೆ ಹೋಗಿದ್ಲು."

"ಫಿಲ್ಟರ್ ಇಲ್ದಿರೋ ಕಾಲದಲ್ಲೇ ಫಿಲ್ಟರ್ ಹಾಕಿದ್ರಾ? ಗ್ರೇಟ್ ಬಿಡು!" ಎಂದರು ಅಳಿಯ.

ನೇಹಾ, "ಹೂ ಈಸ್ ಗಿರಿಜಾ ಅತ್ತೆ?" ಎಂದಳು.

"ಅಜ್ಜನ ತಂಗಿ. ಕೋವಿಡ್‌ನಾಗ ಹೋದ್ಲಲ್ಲ, ಆಕಿ."

ಮೂವರೂ ನಕ್ಕರು. ನಾನು ಹಂಸಗಳನ್ನು ನೋಡುತ್ತ ನಿಂತೆ. ಆ ಸುಳ್ಳು ನನ್ನದು. ನನ್ನ ಬಾಯಿಂದಲೇ ಹುಟ್ಟಿ, ನನ್ನ ಮಗಳ ಬಾಯಿಗೆ ಬಂದು, ಈಗ ಮೊಮ್ಮಗಳ ಕಿವಿಗೆ ಹೋಗುತ್ತಿತ್ತು. ಒಂದು ಮಾತು ಹೇಳಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಹೇಳಲಿಲ್ಲ.

ನಡೆದದ್ದು ಇಷ್ಟು. ಗಿರಿಜಾ ನನಗಿಂತ ಆರು ವರ್ಷ ಚಿಕ್ಕವಳು. ಚಿಕ್ಕಂದಿನಲ್ಲಿ ಬಚ್ಚಲೊಲೆಯ ಕೊಳ್ಳಿ ಸಿಡಿದು ಅವಳ ಬಲಗೆನ್ನೆಯ ಮೇಲೆ ಗೋಡಂಬಿ ಆಕಾರದ ಕಲೆಯಾಗಿತ್ತು. ಎರಡು ಸಂಬಂಧ ಅದನ್ನು ನೋಡಿ ಹಿಂದೆ ಸರಿದವು. ಮೂರನೆಯದು ಬಂದಾಗ ಅವಳನ್ನು ಪರದೆಯ ಮುಂದೆ ಕೂರಿಸಿ ಫೋಟೋ ತೆಗೆದೆ. ರಾತ್ರಿ ಕೂತು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಮೊನೆಯಿಂದ ಚುಕ್ಕೆ ಚುಕ್ಕೆ ಇಡುತ್ತ ಆ ಕಲೆಯನ್ನು ಮುಚ್ಚಿಬಿಟ್ಟೆ. ಆಗ ಎಲ್ಲ ಸ್ಟುಡಿಯೋದವರೂ ಮೊಡವೆ, ಸಿಡುಬಿನ ಗುರುತು ಹೀಗೆ ತಿದ್ದುತ್ತಿದ್ದರು. ಅವಳನ್ನು ಕೇಳಲಿಲ್ಲ. ಪ್ರಿಂಟು ನೋಡಿ ಅವಳು, "ಅಣ್ಣಾ, ಇದು ನಾನಲ್ಲ. ಇದನ್ನ ಕಳಸಬ್ಯಾಡ" ಎಂದಳು. ನಾನು ಕಳಿಸಿದೆ.

ಹುಡುಗ ದೂರದ ಊರಿನಲ್ಲಿ ರೈಲ್ವೆ ನೌಕರಿಯಲ್ಲಿದ್ದ. ಫೋಟೋ ನೋಡಿಯೇ ಒಪ್ಪಿದ. ಅವನ ಕಡೆಯ ಹಿರಿಯರು ಸಂಜೆ ಹೊತ್ತು ಬಂದು, ಸೆರಗು ಹೊದ್ದು ಕೂತವಳನ್ನು ನೋಡಿ ಹೋದರು. ನಿಶ್ಚಿತಾರ್ಥದ ದಿನ ಹುಡುಗ ಬಂದ, ಹತ್ತಿರದಿಂದ ನೋಡಿದ, ಎದ್ದು ನಿಂತ. ಅವನ ಸೋದರಮಾವ ತುಂಬಿದ ಮನೆಯಲ್ಲಿ ಫೋಟೋ ಎತ್ತಿಹಿಡಿದು, ಇದನ್ನು ತಿದ್ದಿದವರು ಯಾರು ಎಂದು ಕೇಳಿದ. ಸ್ಟುಡಿಯೋ ತೆರೆದು ಇನ್ನೂ ವರ್ಷವಾಗಿರಲಿಲ್ಲ. ಹೆಣ್ಣಿನ ಫೋಟೋ ಸುಳ್ಳು ಮಾಡುವವನು ಎಂದು ಹೆಸರು ಬಂದರೆ ಬಾಗಿಲು ಹಾಕಬೇಕಾಗುತ್ತಿತ್ತು. ನಾನು, "ಆಕಿನ ಹಟ ಹಿಡದು ತಿದ್ದಿಸಿಕೊಂಡಳ್ರಿ, ನಾ ಬ್ಯಾಡಂದೆ" ಎಂದೆ.

ಗಿರಿಜಾ ನನ್ನನ್ನು ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಅವಳಿಗೆ ಮದುವೆಯಾಗಲಿಲ್ಲ. ಪಕ್ಕದ ಊರಿನ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡು ಬದುಕಿದಳು. ಹಬ್ಬಕ್ಕೆ ಬರುತ್ತಿದ್ದಳು, ಸವಿತಾಳಿಗೆ ಜಡೆ ಹಾಕುತ್ತಿದ್ದಳು, ಹೋಗುತ್ತಿದ್ದಳು. ಸ್ಟುಡಿಯೋದೊಳಕ್ಕೆ ಮಾತ್ರ ಮತ್ತೆ ಕಾಲಿಡಲಿಲ್ಲ. ಕೋವಿಡ್ ಸಮಯದಲ್ಲಿ ಆಸ್ಪತ್ರೆಯಿಂದ ನರ್ಸೊಬ್ಬಳು ವಿಡಿಯೋ ಕಾಲ್ ಮಾಡಿಸಿದಳು. ಗಿರಿಜಾಳ ಕೆನ್ನೆಯನ್ನು ಆಕ್ಸಿಜನ್ ಮಾಸ್ಕ್ ಮುಚ್ಚಿತ್ತು. ಸ್ಟರ್ಲಿಂಗಿನ ಅಡುಗೆಮನೆಯಲ್ಲಿ ಫೋನ್ ಹಿಡಿದು, "ಊಟ ಮಾಡಿದಿ ಇಲ್ಲೋ?" ಎಂದು ಕೇಳಿದೆ. ಬೇರೇನೂ ಕೇಳಲಿಲ್ಲ, ಹೇಳಲೂ ಇಲ್ಲ. ಮೂರನೆಯ ದಿನ ಅವಳು ಹೋದಳು.

ಈಗ ಸೇತುವೆಗೆ ಬರುತ್ತೇನೆ. ಸವಿತಾ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸಿಗೆ ನೇಹಾಳ ಫೋನ್ ಕೊಟ್ಟು ನಮ್ಮ ನಾಲ್ವರ ಫೋಟೋ ತೆಗೆಯಲು ಕೇಳಿಕೊಂಡಳು. ಆಕೆ ಒಂದಾದ ಮೇಲೊಂದು ಮೂರು ತೆಗೆದಳು. ಮೋಡ ಕವಿದಿತ್ತು, ನೆರಳೇ ಇರಲಿಲ್ಲ. ನೇಹಾ ಫೋಟೋ ನೋಡುತ್ತ ನನ್ನ ಕಡೆ ತಿರುಗಿದಳು.

"ಅಜ್ಜಾ, ನಿಮ್ಮ ಫೇಸ್ ಮೇಲೆ ಏನೋ ಇದೆ. ವೆಯ್ಟ್, ಚಾಕೊಲೇಟ್ ಇರ್ಬೇಕು."

ಬ್ಯಾಗಿನಿಂದ ಒದ್ದೆ ಟಿಶ್ಯೂ ತೆಗೆದು ನನ್ನ ಬಲಗೆನ್ನೆ ಒರೆಸಿದಳು. ಟಿಶ್ಯೂ ಬೆಳ್ಳಗೇ ಇತ್ತು. ಫೋನನ್ನು ನನ್ನ ಕೈಗೆ ಕೊಟ್ಟಳು. ಮೊದಲನೆಯ ಫೋಟೋದಲ್ಲಿ ಏನೂ ಇಲ್ಲ. ಮೂರನೆಯದರಲ್ಲೂ ಇಲ್ಲ. ನಡುವಿನದರಲ್ಲಿ ನನ್ನ ಬಲಗೆನ್ನೆಯ ಮೇಲೆ ಗೋಡಂಬಿ ಆಕಾರದ ಕಲೆ ಇತ್ತು. ಅಂಚು ಕಪ್ಪು, ನಡುವೆ ಸ್ವಲ್ಪ ಹೊಳಪು, ಮೇಲಿನ ತುದಿ ಕಣ್ಣಿನ ಕಡೆಗೆ ಬಾಗಿದೆ. ಅದರ ಒಂದೊಂದು ಗೆರೆಯ ಮೇಲೂ ನಾನು ಪೆನ್ಸಿಲ್ ಇಟ್ಟವನು. ಅದನ್ನು ಇನ್ನೊಬ್ಬರು ನನಗೆ ಗುರುತು ಹಿಡಿದು ಹೇಳಬೇಕಾಗಿರಲಿಲ್ಲ.

ಹಳೆಯ ಅಭ್ಯಾಸದಂತೆ ಕಾರಣ ಹುಡುಕಿದೆ. ಲೆನ್ಸ್ ನೋಡಿದೆ, ಶುಭ್ರವಾಗಿತ್ತು. ಎಲೆಯೋ ಹುಳುವೋ ಅಡ್ಡ ಬಂದಿದ್ದರೆ ಚರ್ಮದ ಸುಕ್ಕಿನ ಜೊತೆ ಹೀಗೆ ಹೊಂದಿಕೊಳ್ಳುತ್ತಿರಲಿಲ್ಲ.

"ಇಟ್ಸ್ ಓಕೆ ಅಜ್ಜಾ, ನಾನು ಎರೇಸ್ ಮಾಡ್ತೀನಿ" ಎಂದು ನೇಹಾ ಫೋನ್ ತೆಗೆದುಕೊಂಡಳು. ಅವಳ ಬೆರಳು ನನ್ನ ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಬ್ಯಾಡ! ತಗೀಬ್ಯಾಡ!" ಎಂದು ಅವಳ ಮಣಿಕಟ್ಟು ಹಿಡಿದೆ. ನನ್ನ ಕೂಗಿಗೆ ಸೇತುವೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ಹೆದರಿದಳು.

"ಅಪ್ಪಾ, ಏನಾತ್ರಿ? ಒಂದು ಕಲೆ ಸಲುವಾಗಿ ಇಷ್ಟ್ಯಾಕ?" ಎಂದಳು ಸವಿತಾ. ಆಮೇಲೆ ಫೋಟೋ ನೋಡಿದಳು. ಜಡೆ ಹಾಕಿಸಿಕೊಳ್ಳುವಾಗ ಕನ್ನಡಿಯಲ್ಲಿ ಆ ಕೆನ್ನೆಯನ್ನು ಪ್ರತಿ ಹಬ್ಬಕ್ಕೂ ನೋಡಿದವಳು ಅವಳು. ಅವಳ ಮುಖದ ಬಣ್ಣ ಇಳಿಯಿತು.

ಕಾಲುವೆಯ ದಂಡೆಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಳಿಯ ನೇಹಾಳನ್ನು ಕರೆದುಕೊಂಡು ಕಾಲುವೆ ಸುತ್ತಿಸುವ ದೋಣಿಗೆ ಸಾಲಿನಲ್ಲಿ ನಿಲ್ಲಲು ಹೋದರು. ಸವಿತಾ ನನ್ನ ಕಡೆ ತಿರುಗಿದಳು.

"ಅತ್ತಿ ಒಮ್ಮೆನೂ ನಿಮ್ಮನ್ನ ಕೇಳಲಿಲ್ಲೇನ್ರಿ?"

"ಇಲ್ಲ."

"ನಾ ಏಳನೇ ಕ್ಲಾಸಿನಾಗ ಇದ್ದಾಗ ಆಕಿಗೆ 'ನೀ ಮೋಸಗಾತಿ' ಅಂದಿದ್ದೆ, ನೆನಪೈತೇನ್ರಿ? ನೀವು ಅಲ್ಲೇ ಪೇಪರ್ ಓದಕೋತ ಕೂತಿದ್ರಿ."

ನೆನಪಿತ್ತು. ಗಿರಿಜಾ ಆಗ ಸವಿತಾಳ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಳು. ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

ದೋಣಿಯಲ್ಲಿ ಸವಿತಾ ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ಸೇತುವೆಗಳ ಕೆಳಗೆ ಹೋಗುವಾಗ ಎಲ್ಲರೂ ತಲೆ ಬಗ್ಗಿಸಬೇಕಾಗುತ್ತಿತ್ತು. ಪ್ರವಾಸ ಮುಗಿಯುವ ತನಕ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು.

ಮಾಡಿದ್ದನ್ನು ಒಪ್ಪಿಕೊಂಡೆನಲ್ಲ, ಕಲೆ ಹೋಗಿರಬಹುದು ಎಂಬ ಆಸೆಯಿಂದ ಮರುದಿನ ನೇಹಾಳ ಫೋನ್ ಕೇಳಿ ನೋಡಿದೆ. ಹೋಗಿರಲಿಲ್ಲ. ಸ್ಟರ್ಲಿಂಗಿಗೆ ಬಂದ ಮೇಲೆ ಸವಿತಾ ಆ ನಡುವಿನ ಫೋಟೋವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬಾಗಿಲು ತೆರೆದ ಕೂಡಲೇ ಕಾಣುವ ಗೋಡೆಗೆ ತೂಗುಹಾಕಿದಳು. ನಾನು ಬೇಡ ಎನ್ನಲಿಲ್ಲ. ಫೋನು, ಕ್ಯಾಮೆರಾ ಬಲ್ಲ ಇಲ್ಲಿನ ಹುಡುಗರಿಗೆ ತೋರಿಸಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಯಾವುದೂ ಆ ಮೇಲಿನ ತುದಿಯ ಬಾಗನ್ನು ವಿವರಿಸುವುದಿಲ್ಲ.

ಊಟಕ್ಕೆ ಬಂದವರು ಚಪ್ಪಲಿ ಬಿಡುತ್ತ ಗೋಡೆ ನೋಡಿ, "ಅಂಕಲ್, ಕೆನ್ನೆಗೆ ಏನಾಗಿತ್ತು?" ಎಂದು ಕೇಳುತ್ತಾರೆ. ಸವಿತಾ ಅಡುಗೆಮನೆಯಲ್ಲಿ ಕೈಕೆಲಸ ನಿಲ್ಲಿಸುವುದು ನನಗೆ ಕೇಳಿಸುತ್ತದೆ. ಆಗ ನಾನು ನನ್ನ ತಂಗಿ ಗಿರಿಜಾಳ ಹೆಸರು ಹೇಳಿ, ಮೊದಲಿನಿಂದ ಶುರು ಮಾಡುತ್ತೇನೆ.