ಅಳಲು ಒಪ್ಪದ ಮರುದಿ

ಮದುಕ್ಕರೈ ಬೆಟ್ಟದಂಚಿನ ಇರುಳ ಬುಡಕಟ್ಟಿನವರ ಹಾಡಿಯವಳು ಮರುದಿ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಗೆಳತಿ ಪಾಪಾತಿಯ ಪಕ್ಕದ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದಳು. ಇಬ್ಬರಿಗೂ ಸಿನಿಮಾ ಹುಚ್ಚು. ಮರುದಿಯ ಹಾಡಿಯಲ್ಲಿ ಶೂಟಿಂಗಿನವರು ಬಂದಿಳಿದಿದ್ದಾರೆಂದು ಕೇಳಿದ್ದೇ ರಜೆ ಹಾಕಿ ಓಡಿದರು.

ಶೂಟಿಂಗಿನವರು ಮರುದಿಯನ್ನು ಒಂದು ಸಣ್ಣ ಪಾತ್ರಕ್ಕೆ ಆರಿಸಿ, ಚೂಡಿದಾರ್ ಬಿಡಿಸಿ, ಕೊರಳ ತುಂಬ ಮಣಿಸರ ಹಾಕಿ, ಮುಖಕ್ಕೆ ಮಸಿ ಬಳಿದರು.

"ನನ್ ಕಪ್ಪು ಸಾಲ್ಲಿಲ್ವಾ ಸಾರ್?" ಎಂದು ಅವಳು ನಕ್ಕಳು.

ಹಾಡಿಯ ಯಜಮಾನ ಸತ್ತ ದೃಶ್ಯವದು. "ನಿಮ್ಮವರು ಮಾಡೋ ಹಾಗೇ ಮಾಡಮ್ಮ" ಎಂದರು ಡೈರೆಕ್ಟರ್. ಮರುದಿ ಆ ಮಾತನ್ನು ನಂಬಿಬಿಟ್ಟಳು. ಅವಳ ಹಾಡಿಯಲ್ಲಿ ಸತ್ತವರನ್ನು ಕುಣಿದು ಕಳಿಸುತ್ತಾರೆ. ಅವಳೂ ಹೆಣದ ಸುತ್ತ ಕುಣಿದಳು. ಹೆಣವಾಗಿ ಮಲಗಿದ್ದವನೇ ನಕ್ಕುಬಿಟ್ಟ.

"ಕುಣಿಯೋದಲ್ಲಮ್ಮ, ಎದೆ ಬಡಿದುಕೊಂಡು ಅಳು!"

"ನಮ್ಮೋರೂ ನೋಡೋ ಸಿನಿಮಾ ಸಾರ್. ಇದು ನಾವಲ್ಲ ಅಂತಾರೆ."

ಅವಳು ಅಳಲಿಲ್ಲ. ಪೇಟೆಯಿಂದ ಬಂದಿದ್ದ ಬೇರೊಬ್ಬಳಿಗೆ ಮಸಿ ಬಳಿದು, ಅವಳು ಎದೆ ಬಡಿದುಕೊಂಡು ಅಳುವಂತೆ ಮಾಡಿದರು.

ಬಸ್ಸಿನಲ್ಲಿ ಪಾಪಾತಿ ಬೈದಳು: "ಲೂಸು! ಚೂರು ಅತ್ತಿದ್ರೆ ನಿನ್ ಮೊಗ ತೆರೆ ಮೇಲೆ ಬರ್ತಿತ್ತಲ್ಲೇ."

"ಮೊಗ ಬರ್ತಿತ್ತು, ನಾ ಬರ್ತಿರ್ಲಿಲ್ಲ. ನಾ ಸತ್ತಾಗ ನೀ ಕುಣೀಬೇಕು ಕಣೇ, ಗೊತ್ತಾಯ್ತಾ?"

ಹೋದ ತಿಂಗಳು ಜ್ವರ ಬಂದು ಮರುದಿ ತೀರಿಕೊಂಡಳು. ಹಾಡಿಯಲ್ಲಿ ಪರೆ ತಮಟೆ ಬಡಿದರು, ಕೊಳಲು ಊದಿದರು, ಹೆಂಗಸರು ಸುತ್ತುಗಟ್ಟಿ ಕುಣಿದರು. ಪಾಪಾತಿಗೆ ಆ ಹೆಜ್ಜೆ ಬರದು. ಆದರೂ ಸೆರಗು ಸಿಕ್ಕಿಸಿಕೊಂಡು ನಡುವೆ ಸೇರಿದಳು. ಕಣ್ಣೀರು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಒಂದು ಹೆಜ್ಜೆ ತೀರಾ ತಪ್ಪಿದಾಗ, ಈಗಲಾದರೂ ನಕ್ಕಾಳೇ ಎಂದು ಅವಳು ಮರುದಿಯ ಮುಖ ನೋಡಿದಳು.