ಬಿರುಕಿಗೆ ಅಡ್ಡ ಮೆತ್ತಿದ ಗಾಜು

ನಮ್ಮ ಭಾವನ ಎಡಗಿವಿ ಬಲಗಿವಿಗಿಂತ ಕಪ್ಪಗಿತ್ತು. ಸಿದ್ದಾಪುರದ ಪಕ್ಕ ನಮ್ಮ ಹಟ್ಟಿಯ ಬೆನ್ನಿಗೇ ನಿಂತ ಗುಡ್ಡದ ಬಂಡೆಗೆ ದಿನಾ ಆ ಕಿವಿ ಒತ್ತಿ, ಸುತ್ತಿಗೆಯಿಂದ ಕುಟ್ಟಿ, ಒಳಗೆ ಟೊಳ್ಳು ಸದ್ದು ಬರುತ್ತದೆಯೇ, ಬಂಡೆ ಸಡಿಲಾಗಿದೆಯೇ ಎಂದು ಕೇಳುತ್ತಿದ್ದರು. ಅಕ್ಕನ ಗಂಡ, ಕಲ್ಲು ಒಡೆದು ಪಳಗಿದ ಕೈ.

"ಬಂಡೆ ಏನಂತೈತೆ ಭಾವ? ನಮ್ಮಕ್ಕನ ಮೇಲೆ ಚಾಡಿ ಹೇಳ್ತೈತಾ?" ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ.

"ನಿನ್ನಂಗೆ ವಟವಟ ಅನ್ನಲ್ಲ ಕಣ್ಲೇ. ಅದಕ್ಕೇ ಕೇಳಂಗಾಗ್ತೈತೆ."

ಬಂಡೆಯಲ್ಲೊಂದು ಬಿರುಕಿತ್ತು. ಅದರ ಕೆಳಗೇ ಹಟ್ಟಿಯವರು ಕುರಿ ಕೂಡುವ ರೊಪ್ಪ, ಮಗ್ಗುಲಿಗೆ ನಾಲ್ಕು ಮನೆ. ಭಾವ ಚಳ್ಳಕೆರೆಯಿಂದ ಕಿಟಕಿ ಗಾಜಿನ ಚೂರು ತಂದು, ಬೆರಳಗಲದ ಪಟ್ಟಿ ಮಾಡಿ, ಬಿರುಕಿಗೆ ಅಡ್ಡಲಾಗಿಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿದರು. ಬಂಡೆ ಕೂದಲೆಳೆಯಷ್ಟು ಸರಿದರೂ ಗಾಜು ಸಿಡಿಯಬೇಕು.

ಅಲ್ಲಿಯವರೆಗೆ ಹಟ್ಟಿಯಲ್ಲಿ ನನ್ನಂಥ ಮಾತುಗಾರ ಇರಲಿಲ್ಲ. ನನ್ನ ಕೀಟಲೆ ಕೇಳುತ್ತಾ ಕೂತು ಕೊಂಡ್ಲಹಳ್ಳಿಯವರು ಬಸ್ಸು ತಪ್ಪಿಸಿಕೊಂಡದ್ದುಂಟು. ಗಾಜು ಬಂದ ಮೇಲೆ ಎಲ್ಲರೂ "ಗುಡ್ಡ ಹೆಂಗೈತ್ರಿ?" ಎಂದು ಭಾವನ ಸುತ್ತ. ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯನಿಗೆ ಇಷ್ಟು ಮರ್ಯಾದೆಯೇ? ಹೊಟ್ಟೆ ಉರಿಯಿತು.

ಒಂದು ಬೆಳಿಗ್ಗೆ ಹತ್ತಿ ಹೋಗಿ ಬೆಣಚುಕಲ್ಲಿನಿಂದ ಪಟ್ಟಿಗೊಂದು ಕೊಟ್ಟೆ. ಗಾಜು ಒಡೆದದ್ದು ಕಂಡದ್ದೇ ತಡ, ಹಟ್ಟಿಗೆ ಹಟ್ಟಿಯೇ ಕುರಿ, ಕೋಳಿ, ಹಾಸಿಗೆ ಸಮೇತ ಬಯಲಿಗೆ ಓಡಿತು. ನಾನು ಬೇಲಿಯ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಭಾವ ಮೇಲೆ ಹತ್ತಿ ಪಟ್ಟಿಯನ್ನು ಬಗ್ಗಿ ನೋಡಿದರು. ಬಂಡೆ ಸರಿದಿದ್ದರೆ ಗಾಜಿನ ಎರಡು ತುಂಡಿನ ನಡುವೆ ಸಂದು ಬೀಳಬೇಕಿತ್ತು. ತುಂಡುಗಳು ಕೂಡಿಕೊಂಡೇ ಇದ್ದವು, ಮೇಲೆ ಪೆಟ್ಟಿನ ಗುರುತು. ಇಳಿದು ಬಂದು ಬೇಲಿಯ ಹಿಂದಿದ್ದ ನನ್ನ ಮುಖ ನೋಡಿದರು. ಆಮೇಲೆ ಜನರ ಕಡೆ ತಿರುಗಿ, "ಗಾಜು ಹಳೇದಿತ್ತು, ನಂದೇ ತಪ್ಪು. ವಾಪಸ್ ಬರ್ರಿ" ಎಂದರು.

ಬೈದಿದ್ದರೆ ಗೆದ್ದೆ ಎಂದುಕೊಳ್ಳುತ್ತಿದ್ದೆ. ಆ ದೊಡ್ಡತನಕ್ಕೆ ಹೊಟ್ಟೆ ಇನ್ನಷ್ಟು ಉರಿಯಿತು.

ಮಳೆ ಹಿಡಿದ ವಾರ, ಭಾವ ಮತ್ತೆ ಮೆತ್ತಿದ್ದ ಹೊಸ ಪಟ್ಟಿ ತಾನೇ ಸಿಡಿಯಿತು. ನಡುವೆ ಕಡ್ಡಿ ತೂರುವಷ್ಟು ಸಂದು. ಭಾವ ಓಡಿ ಬಂದು ಹೇಳಿದರೆ ಯಾರೂ ಮಿಸುಕಲಿಲ್ಲ. "ಇದೂ ಹಳೇ ಗಾಜೇ ಇರ್ಬೇಕು ಬಿಡ್ರಿ. ಈ ಮಳೇಲಿ ಎಲ್ಲಿಗೋಗಾನ?"

ನಾನು ಟೀ ಅಂಗಡಿಯ ಬೆಂಚು ಹತ್ತಿ ಕೂಗಿದೆ: "ಅವತ್ತು ಒಡೆದೋನು ನಾನ್ರೋ! ಭಾವ ಸುಳ್ಳು ಹೇಳಿ ನನ್ನ ಮಾನ ಉಳಿಸಿದ್ರು!"

ಗೊಳ್ಳೆಂದು ನಕ್ಕರು. "ಇಳಿಯಲೇ, ಇದ್ಯಾವ ಹೊಸ ನಾಟಕ?"

ಇಳಿದೆ. ಕೆಸರಿನಲ್ಲೇ ಕೂತು ಭಾವನ ಕಾಲು ಹಿಡಿದೆ. ಅಕ್ಕನ ಮದುವೆಯ ದಿನವೂ ಆ ಕಾಲಿಗೆ ಬಗ್ಗದವನು ನಾನು. ಅದು ಹಟ್ಟಿಗೆಲ್ಲ ಗೊತ್ತು. ನಗು ನಿಂತಿತು. ಮುದುಕಿಯೊಬ್ಬಳು, "ಇವ್ನು ಕಾಲು ಹಿಡಿದ್ನಂದ್ರೆ ನಿಜಾನೇ ಕಣ್ರವ್ವ, ಏಳ್ರಿ" ಎಂದು ಕುರಿಮರಿ ಎತ್ತಿಕೊಂಡು ಹೊರಟಳು.

ಸಂಜೆಯೊಳಗೆ ಎಲ್ಲ ಖಾಲಿ. ಮಾರನೆಯ ಬೆಳಿಗ್ಗೆ ಬಂಡೆ ಜಾರಿ ರೊಪ್ಪದ ಮೇಲೆ ಕೂತಿತು. ಒಂದು ಮರಿಯೂ ಸಾಯಲಿಲ್ಲ. ಹಾರ ಹಾಕಿದ್ದು ಭಾವನಿಗೆ. ಕೆಸರು ಬಳಿದುಕೊಂಡ ನನಗೆ ಒಂದು ಹೂವೂ ಇಲ್ಲ!

ಹೋದ ವರ್ಷ ಭಾವ ತೀರಿಕೊಂಡರು. ಗುಡ್ಡದಲ್ಲಿ ಇನ್ನೂ ಎರಡು ಬಿರುಕಿವೆ. ಗಾಜು ಮೆತ್ತುವವನು ಈಗ ನಾನೇ. ಭಾವನಿಗಿಂತ ನೀಟಾಗಿ ಮೆತ್ತುತ್ತೇನೆ, ಬೇಕಾದರೆ ಬಂದು ನೋಡಿ. ಆದರೂ ಹಟ್ಟಿಯವರು ಕೇಳುವುದು ಒಂದೇ: "ನಿಮ್ ಭಾವನಂಗೆ ಕಿವಿ ಇಟ್ಟು ಕೇಳಿದ್ಯೇನಲೇ?"

ಕೇಳದೆ ಏನು? ಮೊನ್ನೆ ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಎಡಗಿವಿಯೂ ಕಪ್ಪಾಗುತ್ತಿದೆ. ಅವರದಷ್ಟು ಇನ್ನೂ ಆಗಿಲ್ಲ.