ಅತ್ತೆ ದಿಂಬಿನ ಮೇಲೆ ಕಲಿಸಿದ್ದು

ನಮ್ಮತ್ತೆ ಬಲಗೈಗೆ ಬಳೆ ಹಾಕುತ್ತಿರಲಿಲ್ಲ. ಉಗುರನ್ನು ಬೆರಳ ತುದಿಗಿಂತ ಒಳಗೇ ಕತ್ತರಿಸಿಕೊಳ್ಳುತ್ತಿದ್ದರು. ಎಮರ್ಜೆನ್ಸಿ ವಾರ್ಡಿನ ನರ್ಸ್ ಆಗಿದ್ದು ನಿವೃತ್ತರಾದವರು. ಕೈಗಳು ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ. ನನ್ನ ಗಂಡ ಸೋಫಾದ ಮೇಲೆ ಗೊರಕೆ ಹೊಡೆದರೆ, ಪೇಪರ್ ಓದುತ್ತಲೇ ಎರಡು ಬೆರಳಿಂದ ಮಗನ ಗದ್ದ ಎತ್ತಿ ಹಿಡಿಯುತ್ತಿದ್ದರು. ಗೊರಕೆ ನಿಲ್ಲುತ್ತಿತ್ತು. "ಗಾಳಿಗೆ ದಾರಿ ಬಿಟ್ರೆ ಸಾಕು" ಎನ್ನುತ್ತಿದ್ದರು.

ಬೇರೆ ಅತ್ತೆಯರು ಸೊಸೆಗೆ ಹುಳಿ, ಗೊಜ್ಜು ಹೇಳಿಕೊಡುತ್ತಾರೆ. ನಮ್ಮತ್ತೆ ವೆಸ್ಟ್ ಮಾಂಬಲಂನ ಮನೆಯ ಪುಟ್ಟ ಹಾಲಿನಲ್ಲಿ ದಿಂಬು ಹಾಕಿ, ಹೃದಯ ನಿಂತಾಗ ಎದೆ ಒತ್ತುವುದನ್ನು ಕಲಿಸಿದರು. ಮೊಣಕೈ ಮಡಿಸಿದರೆ ಬೈಗುಳ. ಹೃದಯ ನಿಂತವರೂ ಒಮ್ಮೊಮ್ಮೆ ಗೊರ್ ಎಂದು ಗಾಳಿ ಎಳೆಯುತ್ತಾರೆ, ಅದನ್ನು ನಂಬಿ ಜನ ಸುಮ್ಮನೆ ಕೂರುತ್ತಾರೆ ಎಂದು ಅವರಿಗೆ ಸಿಟ್ಟು. "ಅದು ಉಸಿರಲ್ಲಮ್ಮ. ಕೈ ತೆಗೀಬೇಡ."

ಕಳೆದ ವರ್ಷ ಒಂದು ಮಧ್ಯಾಹ್ನ, ಕಾಫಿ ಲೋಟ ತೊಳೆಯುತ್ತಿದ್ದ ಅತ್ತೆ ಹಾಗೆಯೇ ಕುಸಿದರು. ಅಲುಗಿಸಿದರೆ ಮಿಸುಕಲಿಲ್ಲ, ಉಸಿರಿರಲಿಲ್ಲ. ಗಂಡ ಶೋಳಿಂಗನಲ್ಲೂರಿನ ಆಫೀಸಿನಲ್ಲಿದ್ದ. ಮನೆಯಲ್ಲಿ ನಾನು, ಮತ್ತು ಅತ್ತೆಯ ಅಕ್ಕ, ನಮ್ಮ ದೊಡ್ಡತ್ತೆ. ಸ್ಪೀಕರ್ ಫೋನಿನಲ್ಲಿ ಆಂಬುಲೆನ್ಸಿನವರಿಗೆ ವಿಳಾಸ ಕೂಗುತ್ತಲೇ ಒತ್ತತೊಡಗಿದೆ. ಅಂಗೈ ಕೆಳಗೆ ಪಕ್ಕೆಲುಬು ಲಟಕ್ಕನೆ ಮುರಿಯಿತು. ದಿಂಬು ಆ ಸದ್ದನ್ನು ಕಲಿಸಿರಲಿಲ್ಲ. ಅಷ್ಟರಲ್ಲಿ ಅತ್ತೆ ಗೊರ್ ಎಂದರು.

ದೊಡ್ಡತ್ತೆ ದೇವರ ಮುಂದಿದ್ದ ಗಂಗೆಯ ಗಿಂಡಿ ಹಿಡಿದು ಬಂದರು. "ಉಸಿರಾಡ್ತಿದಾಳೆ ಕಣೇ, ಯಾಕೆ ಹಿಂಸೆ ಕೊಡ್ತೀಯ? ಬಿಡು, ಒಂದು ತೊಟ್ಟು ಗಂಗೆ ಹಾಕ್ತೀನಿ."

ಉಸಿರೇ ಇರಬಹುದೆಂದು ನನಗೂ ನಂಬಬೇಕೆನಿಸಿತು. ಆದರೆ ನೀರು ಹಾಕಿದರೆ ಇಳಿಯುವುದು ಶ್ವಾಸನಾಳಕ್ಕೆ. ತಡೆಯಲು ಕೈಗೆ ಬಿಡುವಿರಲಿಲ್ಲ; ಆ ಹಿರಿಯ ಜೀವವನ್ನು ಭುಜದಿಂದ ತಳ್ಳಿದೆ. ತಂಗಿ ಗಂಗೆ ಕಾಣದೆ ಹೋಗುತ್ತಾಳೆ, ಆ ಪಾಪ ನಿನಗೇ ಎಂದು ಅವರು ಗೋಡೆಗೊರಗಿ ಅತ್ತರು. ನಾನು ಒತ್ತುತ್ತಲೇ ಇದ್ದೆ. ತೋಳು ಸೋತು ಬಿದ್ದುಹೋಗುವಂತಿತ್ತು. ಏಳಿ ಅತ್ತೆ, ಎದ್ದು ಬೈಯಿರಿ ಎಂದು ಬೇಡಿಕೊಳ್ಳುತ್ತಿದ್ದೆ. ಗಲ್ಲಿಯಲ್ಲಿ ಗಾಡಿ ನುಗ್ಗದೆ ಆಂಬುಲೆನ್ಸಿನವರು ಚೀಲ ಹೊತ್ತು ಓಡಿಬಂದರು.

ಆಸ್ಪತ್ರೆಯಲ್ಲಿ ಗಂಟಲಿಗೆ ಟ್ಯೂಬ್ ಇಳಿಸಿದರು, ಎದೆಗೆ ಶಾಕ್ ಕೊಟ್ಟರು. ಕೊನೆಗೆ ಡಾಕ್ಟರು ಹೊರಗೆ ಬಂದು ತಮಿಳಿನಲ್ಲಿ "ಮುಡಿಯಲಮ್ಮಾ" ಎಂದರು, ಆಗಲಿಲ್ಲ ಅಂತ. ಅತ್ತೆ ಕಲಿಸಿದ್ದನ್ನೆಲ್ಲ ಅತ್ತೆಗೇ ಮಾಡಿದ್ದೆ. ಅವರನ್ನು ಉಳಿಸಿಕೊಳ್ಳಲಾಗಲಿಲ್ಲ.

ನರ್ಸ್ ಟ್ಯೂಬ್ ತೆಗೆದು ನಮ್ಮನ್ನು ಒಳಗೆ ಕರೆದಳು. ದೊಡ್ಡತ್ತೆ ಸೆರಗಿನೊಳಗಿಂದ ಗಿಂಡಿ ತೆಗೆದರು. ನಾನು ಪಕ್ಕಕ್ಕೆ ಸರಿದು ನಿಂತೆ. ಅವರು ಅದನ್ನು ನನ್ನತ್ತ ಚಾಚಿದರು.

"ನೀನೇ ಹಾಕು. ಕೊನೇ ತನಕ ಅವಳನ್ನ ಬಿಡದೆ ಹಿಡ್ಕೊಂಡಿದ್ದೋಳು ನೀನು."

ಒತ್ತಿ ಒತ್ತಿ ಸೋತ ತೋಳಿಗೆ ಗಿಂಡಿ ಎತ್ತಲಾಗಲಿಲ್ಲ. ದೊಡ್ಡತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಇಬ್ಬರೂ ಸೇರಿ ಹಾಕಿದ ನೀರು ಅತ್ತೆಯ ತುಟಿಯಂಚಿನಿಂದ ಕಿವಿಯತ್ತ ಹರಿದುಹೋಯಿತು.